ಲ್ಯಾಪ್‌ಟಾಪಿನೊಳಗಿನ ರಾಗಿ ಕಾಳು

ಮೊನ್ನೆ ನನ್ನ ಹಳೆಯ ಲ್ಯಾಪ್‌ಟಾಪ್ ಮುಷ್ಕರ ಹೂಡಿತು. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ಚಾರ್ಜರ್ ಕಿತ್ತೆ, ಗುಂಡಿಯನ್ನು ಒತ್ತಿ ಹಿಡಿದೆ, ಕೊಂಚ ಹೊತ್ತು ಸುಮ್ಮನೆ ಬಿಟ್ಟೆ. ಗೊತ್ತಿದ್ದ ಉಪಚಾರವೆಲ್ಲ ಮುಗಿಯಿತು, ಅದು ಜಗ್ಗಲಿಲ್ಲ. ಕೊನೆಗೆ ಮಗುಚಿ ಹಾಕಿ, ಸ್ಕ್ರೂ ಬಿಚ್ಚಿ, ಬೆನ್ನಿನ ಮುಚ್ಚಳ ತೆಗೆದಾಗ ಮೇಜಿನ ಮೇಲೆ ಏನೋ ಉರುಳಿತು. ಒಂದು ರಾಗಿ ಕಾಳು. ನೋಡಿದ್ದೇ ಮುಳಬಾಗಿಲಿನ ನಮ್ಮ ಓನರಮ್ಮ ನೆನಪಾದರು...

ಲಾಕ್‌ಡೌನ್ ಕಾಲದಲ್ಲಿ ನಾನು ಅವರ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆ. ಹತ್ತಿರದ ಹಳ್ಳಿಯ ಶಾಲೆಯಲ್ಲಿ ಟೀಚರ್ ಕೆಲಸ. ಓನರಮ್ಮ ದೇವರೊಂದಿಗೂ ಹಸುವಿನೊಂದಿಗೂ ತೆಲುಗು ಮಾತಾಡುವರು, ಬಾಡಿಗೆಯವರೊಂದಿಗೆ ಕನ್ನಡ. ಬಾಯಿ ಜೋರು, ಆದರೆ ಮುದ್ದೆ ಮಾಡಿದ ದಿನ ನನಗೆ ಒಲೆ ಹಚ್ಚಲು ಬಿಡುತ್ತಿರಲಿಲ್ಲ. ತವರೆಂದು ಅವರಿಗೆ ಉಳಿದಿದ್ದವರು ಪುಂಗನೂರಿನ ಅಕ್ಕ ಒಬ್ಬರೇ. ಮಾಮೂಲಿ ದಿನಗಳಲ್ಲಾದರೆ ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ವಾಪಸಾಗಬಹುದಾದ ದಾರಿ. ಆಗ ಆಂಧ್ರದ ಗಡಿ ಮುಚ್ಚಿತ್ತು, ಅಕ್ಕ ಹಾಸಿಗೆ ಹಿಡಿದಿದ್ದರು. ದಿನಾ ಸಂಜೆ ನನ್ನ ಲ್ಯಾಪ್‌ಟಾಪಿನಲ್ಲಿ ಇಬ್ಬರಿಗೂ ವಿಡಿಯೋ ಕಾಲ್ ಹಾಕಿಕೊಡುತ್ತಿದ್ದೆ. ಓನರಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಫೋನಿನಲ್ಲಿ ಅಕ್ಕ ಹುರುಳಿಕಾಳಿನಷ್ಟು ಕಾಣುತ್ತಾಳೆ, ಅದೂ ಮಂಜುಮಂಜಾಗಿ ಎಂದು ದೂರುತ್ತಿದ್ದರು.

ಒಂದು ದಿನ ಮಳೆ ಬಂದು, ಶೀಟಿನ ಸೂರು ಸೋರಿ ಲ್ಯಾಪ್‌ಟಾಪ್ ನೆನೆಯಿತು. ಒರೆಸಿ, ಆಫ್ ಮಾಡಿ, ಬಟ್ಟೆಯ ಮೇಲೆ ಕವುಚಿಟ್ಟು, ಮಕ್ಕಳಿಗೆ ಬಿಸಿಯೂಟದ ಅಕ್ಕಿ ಹಂಚಲು ಶಾಲೆಗೆ ಹೋದೆ. ನೆಂದ ಫೋನನ್ನು ಅಕ್ಕಿಯಲ್ಲಿ ಇಡುತ್ತಾರೆ ಎಂದು ಯಾವಾಗಲೋ ನಾನೇ ಓನರಮ್ಮನಿಗೆ ಹೇಳಿದ್ದೆ. ಹಿಂದಿರುಗಿ ನೋಡಿದರೆ ಲ್ಯಾಪ್‌ಟಾಪ್ ಅವರ ರಾಗಿ ಡ್ರಮ್ಮಿನಲ್ಲಿ ಪೂರ್ತಿ ಹೂತುಹೋಗಿತ್ತು.

"ಅಕ್ಕಿ ಏನ್ ಹೀರ್ತದೆ ಕಣಮ್ಮ, ಕಸುವಿಲ್ದಿರೋ ಕಾಳು. ರಾಗಿ ಆದ್ರೆ ಒಳಗಿರೋದೆಲ್ಲ ಎಳ್ಕೊಂಡ್ಬಿಡ್ತದೆ," ಎಂದರು, ಗೆದ್ದವರ ಹಾಗೆ.

ರಾಗಿ ನೀರನ್ನು ಎಳೆದುಕೊಂಡಿತೋ ಇಲ್ಲವೋ, ತಾನಂತೂ ಒಳಗೆ ಹೋಗಿ ಕೂತಿತ್ತು. ಮರುದಿನ ಗುಂಡಿ ಒತ್ತಿದರೆ ಬೀಸುಕಲ್ಲಿನ ಹಾಗೆ ಕರಕರ ಸದ್ದು, ಫ್ಯಾನ್ ಕೆಟ್ಟಿದೆಯೆಂದು ಇಂಗ್ಲಿಷಿನಲ್ಲಿ ಒಂದು ಸಾಲು, ಆಮೇಲೆ ಕತ್ತಲೆ. ಮತ್ತೆ ಒತ್ತಿದರೂ ಅದೇ. ರಿಪೇರಿ ಅಂಗಡಿಗಳೆಲ್ಲ ಮುಚ್ಚಿದ್ದವು. ಅದೇ ಬೆಳಿಗ್ಗೆ ಪುಂಗನೂರಿನಿಂದ ಅಕ್ಕನ ಸೊಸೆ ಫೋನ್ ಮಾಡಿ, ಗಂಟಲಲ್ಲಿ ಗಂಜಿಯೂ ಇಳಿಯುತ್ತಿಲ್ಲ, ನೋಡುವುದಿದ್ದರೆ ಇವತ್ತೇ ನೋಡಿ ಎಂದಳು. ನನ್ನ ಫೋನಿನಲ್ಲೇ ತೋರಿಸಿದೆ. ಓನರಮ್ಮ ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಸೆರಗಿನಿಂದ ಒರೆಸಿ ಮತ್ತೆ ಹಿಡಿದರು. ಏನೂ ಕಾಣಲಿಲ್ಲ. ಫೋನನ್ನು ನನ್ನ ಕೈಗಿಟ್ಟು ಹೊಸಿಲ ಬಳಿ ಕುಸಿದು ಕೂತರು.

"ನಾನೇ ಕೈಯಾರೆ ನಮ್ಮಕ್ಕನ್ನ ರಾಗೀಲಿ ಹೂತ್ಬಿಟ್ನಲ್ಲಮ್ಮ."

ನಾನು ಕೋಲಾರದ ಪರಿಚಯದ ರಿಪೇರಿಯವನಿಗೆ ಫೋನ್ ಹಚ್ಚಿ, ಅವನು ಹೇಳಿದಂತೆ ಎದುರು ಮನೆಯಿಂದ ಸಣ್ಣ ಸ್ಕ್ರೂಡ್ರೈವರ್ ತಂದು ಬೆನ್ನು ಬಿಚ್ಚಿದೆ. ಫ್ಯಾನಿನ ರೆಕ್ಕೆಗಳ ಸಂದಿಯಲ್ಲೆಲ್ಲ ರಾಗಿ. ಓನರಮ್ಮ ಮೊರ ತಂದರು. ಮೊರದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು ಪೊರಕೆ ಕಡ್ಡಿಯಿಂದ ಕಾಳು ಮೀಟಿದೆ, ಅವರು ಬೆರಳ ತುದಿಯಲ್ಲಿ ತಡವಿ ತಡವಿ ಆರಿಸಿದರು. ವರ್ಷಗಟ್ಟಲೆ ಕಲ್ಲು ಆರಿಸಿದ ಬೆರಳುಗಳಿಗೆ ಕಣ್ಣು ಬೇಕಿರಲಿಲ್ಲ. ನಡುವೆ ಲ್ಯಾಪ್‌ಟಾಪನ್ನು ಓರೆ ಹಿಡಿದು ಮೆಲ್ಲಗೆ ತಟ್ಟುವರು, ಇನ್ನಷ್ಟು ಕಾಳು ಮೊರಕ್ಕೆ ಉದುರುವುದು.

ಸಂಜೆಗೆ ಫ್ಯಾನು ತಿರುಗಿತು, ಪರದೆ ಬೆಳಗಿತು. ಅಕ್ಕನ ಮುಖ ಪರದೆ ತುಂಬ ಬಂತು. ಅವರಿಗೆ ಮಾತು ನಿಂತುಹೋಗಿತ್ತು, ಕಣ್ಣು ಮಾತ್ರ ಮೆಲ್ಲಗೆ ತಂಗಿಯ ಕಡೆ ಹೊರಳಿತು. ಓನರಮ್ಮ ಎರಡೂ ಕೈಯಿಂದ ಪರದೆಯನ್ನು ಸವರಿ, ಬೆರಳುಗಳನ್ನು ತಮ್ಮ ಹಣೆಯ ಪಕ್ಕಕ್ಕೆ ಒತ್ತಿ ನೆಟಿಕೆ ಮುರಿದರು. "ತಿಂಟಿವಾ ಅಕ್ಕಾ?" ಎಂದರು. ಊಟ ಆಯಿತಾ ಎಂದು ದಿನಾ ಕೇಳುತ್ತಿದ್ದ ಮಾತೇ ಅದು. ಆಮೇಲೆ ಸುಮ್ಮನೆ ನೋಡುತ್ತಾ ಕೂತರು...

ಬೆಳಗಾಗುವ ಮೊದಲೇ ಅಕ್ಕ ತೀರಿಕೊಂಡರು. ಮಣ್ಣಿಗೆ ಹೋಗಲು ಓನರಮ್ಮನಿಗೆ ದಾರಿಯಿರಲಿಲ್ಲ. ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡು ಬಂದು ನನ್ನ ಬಾಗಿಲಲ್ಲಿ ನಿಂತರು.

"ಮೂಗುಬೊಟ್ಟು ಹೊಳೀತಿತ್ತು ಕಣಮ್ಮ. ಕಣ್ತುಂಬ ನೋಡ್ದೆ."

ಮುಂದೆ ನನಗೆ ಕೋಲಾರಕ್ಕೆ ವರ್ಗವಾಯಿತು. ಹಬ್ಬಕ್ಕೊಂದು ಫೋನು, ಆಮೇಲೆ ಅದೂ ತಪ್ಪಿತು. ಹೋದ ಚಳಿಗಾಲ ಓನರಮ್ಮನೂ ಹೋದರು. ಸುದ್ದಿ ನನಗೆ ಮುಟ್ಟುವಾಗ ತಿಥಿಯೂ ಮುಗಿದಿತ್ತು. ಅಕ್ಕನ ಮುಖ ಅವರಿಗೆ ಸಿಕ್ಕಿತು. ಅವರ ಮುಖ ನನಗೆ ಫೋನಿನಲ್ಲೂ ಸಿಗಲಿಲ್ಲ.

ಮದರ್‌ಬೋರ್ಡ್ ಹೋಗಿದೆ, ಇನ್ನು ಇದು ಏಳುವುದಿಲ್ಲ ಎಂದು ನಿನ್ನೆ ಅಂಗಡಿಯವನು ಹೇಳಿದ. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ, ಮನೆಗೆ ತಂದೆ. ಅಡುಗೆಮನೆಯಿಂದ ಮೊರ ತೆಗೆದುಕೊಂಡು, ಅದರ ಮೇಲೆ ಲ್ಯಾಪ್‌ಟಾಪನ್ನು ಓರೆ ಹಿಡಿದು, ಅವರು ತಟ್ಟುತ್ತಿದ್ದ ಹಾಗೆಯೇ ಮೆಲ್ಲಗೆ ತಟ್ಟಿದೆ. ಮತ್ತೊಮ್ಮೆ ತಟ್ಟಿದೆ. ಇನ್ನೊಂದು ಕಾಳು ಬೀಳಲಿಲ್ಲ.