ಹೆಣದ ಗಾಡಿಗೊಂದು ಸ್ಟೀರಿಯೊ

ನಮ್ಮ ಯಜಮಾನರು ಓಡಿಸುವುದು ಹೆಣದ ಗಾಡಿ. ಗಾಡಿಯ ಮೇಲೆ ‘ಶವವಾಹನ’ ಎಂದು ಬರೆದಿದೆ, ಆದರೆ ಹಾಗೆ ಯಾರೂ ಕರೆಯುವುದಿಲ್ಲ. ಬೀದಿಯಲ್ಲಿ ಇವರಿಗೆ ‘ಕೊನೇ ಬಸ್ಸು’ ಎಂದು ಹೆಸರು. ಇವರ ಎದುರಿಗೆ ಹೇಳುವ ಧೈರ್ಯವಿಲ್ಲದವರು ನನ್ನ ಕಿವಿಗೆ ಬೀಳುವ ಹಾಗೆ ಹೇಳುತ್ತಾರೆ. ಹೇಳಲಿ. ನೀವು ಹತ್ತುವ ದಿನ ಟಿಕೆಟ್ ಕೇಳುತ್ತೇನೆ ಎಂದು ನಾನೂ ತಿರುಗಿ ಅಂದಿದ್ದೇನೆ.

ಗಾಡಿ ಒಂದು ಸೇವಾಸಂಘದ್ದು. ಇವರು ಕೆಲಸಕ್ಕೆ ಸೇರಿದಾಗಲೇ ಅದಕ್ಕೆ ವಯಸ್ಸಾಗಿತ್ತು. ಮುಂದೆ ಡ್ರೈವರ್ ಸೀಟು, ಪಕ್ಕದಲ್ಲಿ ಇನ್ನೊಂದು. ಹಿಂದೆ ಹೆಣ ಮಲಗಿಸುವ ಹಲಗೆ, ಅದರ ಎರಡೂ ಬದಿಗೆ ಮನೆಯವರು ಕೂರುವ ಬೆಂಚು. ಹಿಂದಕ್ಕೂ ಮುಂದಕ್ಕೂ ನಡುವೆ ತಗಡಿನ ಗೋಡೆ. ಆ ಗೋಡೆಯಲ್ಲಿ ಒಂದು ಪುಟ್ಟ ಕಿಟಕಿ ಇತ್ತು, ಸೇರಿದ ಹೊಸದರಲ್ಲೇ ಇವರು ಅದಕ್ಕೂ ತಗಡು ಬಡಿಸಿಬಿಟ್ಟರು. “ಹಿಂದೆ ನೋಡ್ತಾ ಇದ್ರೆ ಗಾಡಿ ಓಡ್ಸೋಕಾಗಲ್ಲ,” ಅಂದಿದ್ದರು. ಇರಬಹುದು ಎಂದುಕೊಂಡಿದ್ದೆ ನಾನು.

ಮೊದಲು ಇವರು ಹೀಗಿರಲಿಲ್ಲ. ಗಡ್ಡ ಕೆರೆದುಕೊಳ್ಳುವಾಗ ಶಿಳ್ಳೆ ಹಾಕುತ್ತಿದ್ದರು, ನನ್ನ ಹೊಲಿಗೆ ಮಷೀನಿನ ಸದ್ದಿಗೆ ತಾಳ ಹಾಕಿ ನನ್ನನ್ನು ರೇಗಿಸುತ್ತಿದ್ದರು. ಅದೆಲ್ಲ ಒಂದೊಂದಾಗಿ ಯಾವಾಗಲೋ ನಿಂತುಹೋಯಿತು. ಈಗ ಏನು ಕೇಳಿದರೂ ಒಂದೇ ಮಾತು: “ಯಾವುದಾದ್ರೂ ಆಯ್ತು.” ಯಾವ ಅಂಗಿ ಹಾಕ್ಕೊಳ್ತೀರಿ? ಯಾವುದಾದ್ರೂ ಆಯ್ತು. ಏನು ಅಡುಗೆ ಮಾಡಲಿ? ಯಾವುದಾದ್ರೂ ಆಯ್ತು. ಒಂದು ದಿನ ಸಿಟ್ಟು ನೆತ್ತಿಗೇರಿ, “ಹೆಂಡತಿ ಯಾರಾಗ್ಬೇಕು?” ಎಂದು ಕೇಳಿದೆ. ಅದಕ್ಕೂ ಅದೇ ಉತ್ತರ ಬಂತು. ನಗಲಿಲ್ಲ ಪುಣ್ಯಾತ್ಮ.

ಇದನ್ನೆಲ್ಲ ನಾನು ಹೇಗೋ ನುಂಗಿಕೊಂಡಿದ್ದೆ. ನುಂಗಲಾರದ್ದು ಮಗಳ ವಿಷಯ. ಹೋದ ವರ್ಷ ಅವಳ ಮಗು, ಹೆಸರಿಡುವ ಮೊದಲೇ, ಆಸ್ಪತ್ರೆಯಲ್ಲೇ ಹೋಯಿತು. ಬೇರೆ ಗಾಡಿ ತರಿಸೋಣ ಎಂದು ಅಳಿಯ ಹೇಳಿದರೂ ಇವರು ಕೇಳಲಿಲ್ಲ, ತಾವೇ ಓಡಿಸಿದರು. ಅಳಿಯ ಬೈಕಿನಲ್ಲಿ ಮುಂಚೆಯೇ ಸ್ಮಶಾನಕ್ಕೆ ಹೋಗಿದ್ದ. ನಾನು ತಲೆಸುತ್ತಿ ಬಿದ್ದು ಆಸ್ಪತ್ರೆಯಲ್ಲೇ ಉಳಿದಿದ್ದೆ. ಯಾರು ಬೇಡವೆಂದರೂ ಕೇಳದೆ ಮಗಳೊಬ್ಬಳೇ ಹಿಂದೆ ಮಗುವಿನ ಜೊತೆ ಕೂತಳು. ಎಲ್ಲ ಮುಗಿಸಿ ಮನೆಗೆ ಬಂದು ಕೈಕಾಲು ತೊಳೆದು, ಮಗಳು ಎದುರಿಗೇ ಗೋಡೆಗೊರಗಿ ಕೂತಿರುವಾಗ, ಈ ಮಹಾನುಭಾವರು, “ಊಟಕ್ಕೇನಿದೆ?” ಅಂದರು.

ಅವತ್ತಿನಿಂದ ಮಗಳು ಅಪ್ಪನ ಜೊತೆ ಮಾತು ಬಿಟ್ಟಳು. ಅವಳ ಮನೆ ಎರಡು ಬೀದಿ ಆಚೆಗಿದೆ. ಈಗ ಮತ್ತೆ ಬಸುರಿ, ದಿನ ತುಂಬುತ್ತಾ ಬಂದಿದೆ. “ಅಮ್ಮಾ, ನೀನು ಬಾ. ಅಪ್ಪ ಆಸ್ಪತ್ರೆ ಕಡೆ ತಲೆ ಹಾಕೋದು ಬೇಡ. ಮಗೂನ ಆ ಕೈಗೆ ಕೊಡಲ್ಲ ನಾನು,” ಎಂದು ಹೇಳಿಬಿಟ್ಟಿದ್ದಳು. ಅದನ್ನು ಇವರಿಗೆ ಹೇಳಿದೆ. “ಆಯ್ತು,” ಅಂದರು. ಅಷ್ಟೇ. ಗೋಡೆಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು ನನಗೆ.

ಹೀಗಿರುವಾಗ ಇವರ ಕತ್ತು ಕೈಕೊಟ್ಟಿತು. ಎಡಕ್ಕೂ ಬಲಕ್ಕೂ ತಿರುಗುವುದಿಲ್ಲ, ಹಿಂದಕ್ಕಂತೂ ಇಲ್ಲವೇ ಇಲ್ಲ. ಆಸ್ಪತ್ರೆಯ ಅಂಗಳದಲ್ಲಿ ರಿವರ್ಸ್ ತೆಗೆಯುವಾಗ ಗಾಡಿಯನ್ನು ಕಂಬಕ್ಕೆ ಒರಗಿಸಿದರು. ಹಿಂದೆ ಹೆಣವಿತ್ತು, ಹೆಣದ ಮನೆಯವರಿದ್ದರು. ಸಂಘದ ಕಾರ್ಯದರ್ಶಿ ಒಳ್ಳೆಯ ಮನುಷ್ಯ, ಆದರೂ ಎಷ್ಟೆಂದು ಸಹಿಸಿಕೊಂಡಾರು? “ಹಿಂದೆ ಒಂದು ಕ್ಯಾಮೆರಾ ಹಾಕಿಸ್ಕೊಳ್ಳಿ. ಖರ್ಚು ಸಂಘದ್ದು. ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ಏನೂ ಇರಲ್ಲ,” ಅಂದರು. ವಿಚಾರಿಸಿದರೆ, ಕ್ಯಾಮೆರಾಕ್ಕೆ ಸ್ಕ್ರೀನು ಬೇಕು, ಸ್ಕ್ರೀನು ಬರುವುದು ಸ್ಟೀರಿಯೊ ಜೊತೆಗೆ ಎಂದು ತಿಳಿಯಿತು. ನನಗೆ ಆ ಕ್ಷಣವೇ ತಲೆಗೆ ಬಂತು: ಹೋಗುವಾಗ ಹಾಡು ಹಾಕುವಂತಿಲ್ಲ, ಸರಿ. ಖಾಲಿ ಬರುವಾಗ ಹಾಕಬಹುದಲ್ಲ? ಹಾಡು ಕೇಳಿದರೆ ಮನುಷ್ಯ ಸ್ವಲ್ಪ ಮೆತ್ತಗಾದಾನು. ಮೆತ್ತಗಾದರೆ ಮಗಳ ಎದುರು ಒಂದು ಮಾತಾಡಿಯಾನು. ದಡ್ಡತನವೇ ಇರಬಹುದು, ಆದರೆ ನನ್ನ ಹತ್ತಿರ ಬೇರೇನಿತ್ತು?

ಇವರನ್ನೊಬ್ಬರನ್ನೇ ಬಿಟ್ಟರೆ ಮೊದಲ ಅಂಗಡಿಯಲ್ಲಿ ಮೊದಲು ಕಂಡದ್ದನ್ನು ಎತ್ತಿಕೊಂಡು ಬರುತ್ತಾರೆ. ಆದ್ದರಿಂದ ನಾನೇ ಹೊರಟೆ. ಹೊರಡುವ ಮುಂಚೆ ನನ್ನ ಹೊಲಿಗೆಯ ಟೇಪಿನಲ್ಲಿ ಗಾಡಿಯ ಅಳತೆ ತೆಗೆದುಕೊಂಡೆ. ಹಳೆಯ ರೇಡಿಯೊ ಸತ್ತು ಯಾವ ಕಾಲವಾಯಿತೋ, ಅದರ ಗೂಡಿನಲ್ಲಿ ಇವರು ಗಾಜು ಒರೆಸುವ ಬಟ್ಟೆ ತುರುಕಿಟ್ಟಿದ್ದರು. ಗೂಡು ಅಡ್ಡಕ್ಕೆ ಉದ್ದ, ಎತ್ತರಕ್ಕೆ ಮೂರು ಬೆರಳು ಹಿಡಿಸಿದರೆ ಹೆಚ್ಚು.

ಮೊದಲ ಅಂಗಡಿ ಗಾಜಿನ ಅರಮನೆ. ಸೇಲ್ಸಿನವನು ನನ್ನನ್ನು ಬಿಟ್ಟು ಇವರಿಗೆ ಹೇಳತೊಡಗಿದ, ಇವರೋ ಕೇಳಿಸಿಕೊಳ್ಳುವ ಜಾತಿಯೇ ಅಲ್ಲ. ದೊಡ್ಡ ಸ್ಕ್ರೀನು, ಅಷ್ಟು ಮೆಮೊರಿ, ಇಷ್ಟು ಬೇಸಿನ ಸದ್ದು, ವಿಡಿಯೊ ನೋಡಬಹುದು, ಬೇಕಾದರೆ ಮೈಕು ಹಿಡಿದು ಹಾಡಲೂಬಹುದಂತೆ.

“ಯಾರು ಹಾಡ್ಬೇಕು, ಹಿಂದೆ ಮಲಗಿರೋರಾ?” ಎಂದು ನನ್ನ ಬಾಯಿಗೆ ಬಂದಿತ್ತು. ತಡೆದುಕೊಂಡೆ. ಯಾವ ಗಾಡಿ ಎಂದು ಅವನಿಗೆ ಹೇಳಿರಲಿಲ್ಲ.

“ಈ ಸೈಜು ಹೇಗೆ ಕೂರುತ್ತೆ? ಗೂಡು ಇಷ್ಟೇ ಇರೋದು,” ಎಂದು ಟೇಪು ತೋರಿಸಿದೆ.

“ಡ್ಯಾಶ್‌ಬೋರ್ಡ್ ಕಟ್ ಮಾಡಿ ಕೂರಿಸ್ತೀವಿ ಆಂಟಿ.”

“ಹಳೇ ಪ್ಲಾಸ್ಟಿಕ್ಕು, ನೀವು ಕಟ್ ಮಾಡಿದ್ರೆ ಅದು ಪುಡಿಯಾಗುತ್ತೆ. ಆಮೇಲೆ ನೀವು ಬಂದು ಕೂರ್ತೀರಾ ಆ ತೂತಲ್ಲಿ?”

ಅವನು ನಕ್ಕು ಸ್ವಿಚ್ ಒತ್ತಿದ. ಸ್ಕ್ರೀನಿನ ಮೇಲೆ ಕೆಂಪು ಕಾರೊಂದು ಹೊಗೆಯೆಬ್ಬಿಸಿಕೊಂಡು ಬಂತು, ಢಣ್ ಎಂದು ಸದ್ದಾಯಿತು, ಹೆಣ್ಣು ದನಿಯೊಂದು ಇಂಗ್ಲಿಷಿನಲ್ಲಿ ಸುಸ್ವಾಗತ ಎಂದಿತು. ಆಗ ನೋಡಿ, ಇವರು ಬಾಯಿ ಬಿಟ್ಟರು.

“ಇದು ಸುಮ್ಮನಿರುತ್ತಾ?”

“ಏನು ಸಾರ್?”

“ಕೀ ತಿರುಗಿಸ್ದಾಗ. ಏನೂ ಹೇಳ್ಬಾರದು ಅದು.”

“ಆ ಸೌಂಡಿಗೋಸ್ಕರಾನೇ ಎಲ್ಲರೂ ತಗೊಳ್ಳೋದು ಸಾರ್!”

ಇವರು ತಿರುಗಿ ನಡೆದೇಬಿಟ್ಟರು. ಎರಡನೇ ಅಂಗಡಿಯಲ್ಲೂ ಅದೇ ಪ್ರಶ್ನೆ. ಅಲ್ಲಿ ಸ್ಕ್ರೀನು ಹತ್ತಿದೊಡನೆ ಸಿಂಹ ಗರ್ಜಿಸಿತು. ಮೂರನೆಯದರಲ್ಲಿ ಬಣ್ಣಬಣ್ಣದ ಹೂವು ಅರಳಿ ಪೀಪಿ ಊದಿದ ಸದ್ದು. ಹೆತ್ತವರನ್ನೋ ಮಕ್ಕಳನ್ನೋ ಹಿಂದೆ ಮಲಗಿಸಿಕೊಂಡು ಕೂತವರಿಗೆ ಈ ಸಿಂಹ, ಈ ಪೀಪಿ! ಕಾಲು ನೋಯುತ್ತಿತ್ತು, ಬಿಸಿಲು ಸುಡುತ್ತಿತ್ತು, ಆದರೂ ನನಗೆ ಒಳಗೊಳಗೇ ಖುಷಿ. ಎಷ್ಟು ಕಾಲದ ಮೇಲೆ ಇವರ ಬಾಯಲ್ಲಿ ಒಂದು ‘ಬೇಡ’ ಕೇಳಿದ್ದೆ.

ಕೊನೆಗೆ ಟೈರ್ ಅಂಗಡಿಯ ಪಕ್ಕ, ವೈರುಗಳ ರಾಶಿಯ ನಡುವೆ ಕೂತಿದ್ದ ಒಬ್ಬ ಫಿಟ್ಟರ್ ಸಿಕ್ಕ. ನಡುವಯಸ್ಸಿನವನು, ಹರಟೆಮಲ್ಲ.

“ಸೆಟಿಂಗಲ್ಲಿ ಎಲ್ಲಾ ತೆಗೀಬಹುದಕ್ಕಾ. ಶುರುವಿಗೆ ಬರೀ ಕಪ್ಪು ಚಿತ್ರ ಹಾಕ್ಕೊಡ್ತೀನಿ, ಸೌಂಡು ಸೊನ್ನೆಯಿಂದ ಶುರುವಾಗೋ ಹಾಗೆ ಮಾಡ್ತೀನಿ. ಗೂಡಿಗೆ ತೆಳ್ಳಗಿನ ಪೆಟ್ಟಿಗೆ ಹೋಗುತ್ತೆ, ಸ್ಕ್ರೀನು ಮುಂದೆ ನಿಂತ್ಕೊಳ್ಳುತ್ತೆ, ಏನೂ ಕತ್ತರಿಸೋದು ಬೇಡ. ಯಾವ ಗಾಡಿ ಅಂದ್ರಿ?”

ಹೇಳಿದೆ. ಅವನು ಸ್ಟೂಲಿನಿಂದ ಎದ್ದು ಕೈ ಒರೆಸಿಕೊಂಡು ಇವರ ಮುಖ ನೋಡಿದ.

“ನಮ್ಮಪ್ಪನ್ನ ನೀವೇ ಅಲ್ವಾ ಕರ್ಕೊಂಡು ಹೋಗಿದ್ದು? ನೆನಪಾಗ್ಲಿಲ್ವಾ?”

“ಇಲ್ಲ,” ಅಂದರು ಇವರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇದ್ದಿರಬಹುದು ಎಂದು ಒಂದು ಸುಳ್ಳು ಹೇಳಿದರೆ ಗಂಟೇನು ಹೋಗುತ್ತಿತ್ತು? ಅವನು ಮಾತ್ರ ಬೇಜಾರು ಮಾಡಿಕೊಳ್ಳದೆ, ಇವರು ಗಾಡಿ ತಂದು ನಿಲ್ಲಿಸಿದೊಡನೆ ಕೆಲಸಕ್ಕೆ ಕೂತ. ಬಿಸಿಲಿಗೆ ಹೊಳೆಯದ ಸ್ಕ್ರೀನು ಆರಿಸಿದೆವು. ಸೌಂಡಿಗೆ ತಿರುಗಿಸುವ ಗುಂಡಿ ಇರುವುದೇ ಬೇಕೆಂದು ನಾನು ಹಠ ಹಿಡಿದೆ. ಇವರ ಒರಟು ಬೆರಳಿಗೆ ಆ ಗಾಜು ಸವರುವುದು ಬರುವುದಿಲ್ಲ. ಹಿಂಬಾಗಿಲು ತುಕ್ಕು ತಿಂದಿತ್ತು. ಡ್ರಿಲ್ ಹಾಕಿದರೆ ಬಾಗಿಲೇ ಕೈಗೆ ಬರುತ್ತದೆ ಎಂದು ಅವನು ಕ್ಯಾಮೆರಾವನ್ನು ಒಳಗಡೆಯಿಂದ, ಹಿಂದಿನ ಗಾಜಿನ ಮೂಲಕ ಹೊರಗೆ ನೋಡುವ ಹಾಗೆ, ಅಂಟುಪಟ್ಟಿಯಲ್ಲಿ ಅಂಟಿಸಿದ. ರಿವರ್ಸ್ ಗೇರ್ ಹಾಕಿದೊಡನೆ ಹಿಂದಿನ ರಸ್ತೆ ಮುಂದೆ ಕಾಣಿಸಿತು.

ಪೆನ್‌ಡ್ರೈವಿನ ತುಂಬ ಇವರಿಗೆ ಇಷ್ಟವಾಗಿದ್ದ ಹಾಡು ತುಂಬಿಸಿಕೊಟ್ಟೆ. ದಿನಾ ಕೆಲಸದಿಂದ ಬಂದ ಕೂಡಲೇ ಕೇಳುವುದು, “ಹಾಡು ಹಾಕಿದ್ರಾ?”

“ಇಲ್ಲ.”

“ಯಾಕ್ರೀ?”

“ಮರೆತೆ.”

ಕೆಲವು ದಿನ ಕೇಳಿ ಬಿಟ್ಟೆ. ಸೊನ್ನೆಯಿಂದ ಶುರುವಾಗುವ ಸೌಂಡು ಸೊನ್ನೆಯಲ್ಲೇ ಉಳಿಯಿತು. ನನಗೂ ಸಾಕಾಗಿತ್ತು. ಮಗಳ ಮನೆಗೆ ಹೋಗಿ ಬರುತ್ತಿದ್ದೆ, ಕೂಸಿನ ಬಟ್ಟೆ ಹೊಲಿಯುತ್ತಿದ್ದೆ, ಇವರಿಗೆ ಅನ್ನ ಹಾಕುತ್ತಿದ್ದೆ. ಯಾವುದರಲ್ಲೂ ಜೀವವಿರಲಿಲ್ಲ.

ಆ ಬೇಸಿಗೆಯಲ್ಲೇ ನಮ್ಮ ಬೀದಿಯ ಗಡಿಯಾರ ರಿಪೇರಿಯವರ ಹೆಂಡತಿ ತೀರಿಕೊಂಡಳು. ನನಗೆ ಬೇಕಾದವಳು, ಹಾಗಾಗಿ ನಾನೂ ಹೊರಟೆ. ಹಿಂದೆ ಗಡಿಯಾರದವರೊಬ್ಬರೇ ಕೂತರು. ಉಳಿದವರು ಬೇರೆ ಗಾಡಿಗಳಲ್ಲಿ ಮುಂದೆ ಹೋದರು. ನಾನು ಇವರ ಪಕ್ಕದ ಸೀಟಿನಲ್ಲಿ ಕೂತೆ. ಸ್ಮಶಾನದ ಗೇಟು ಇಕ್ಕಟ್ಟು, ಒಳಗೆ ಹಿಂದುಹಿಂದಾಗಿಯೇ ಹೋಗಬೇಕು. ಇವರು ಗಾಡಿ ತಿರುಗಿಸಿ ರಿವರ್ಸ್ ಗೇರ್ ಹಾಕಿದರು.

ಸ್ಕ್ರೀನಿನಲ್ಲಿ ಗೇಟು ಬರಲಿಲ್ಲ. ಬಿಸಿಲಿಗೆ ಅಂಟು ಬಿಟ್ಟು, ಕ್ಯಾಮೆರಾ ವೈರಿನಲ್ಲಿ ಜೋತುಬಿದ್ದು, ಒಳಮುಖ ತಿರುಗಿಕೊಂಡಿತ್ತು. ಸೊಟ್ಟಗೆ ಕಂಡದ್ದು ಗಾಡಿಯ ಹಿಂಭಾಗ. ಗಡಿಯಾರದವರು ಬೆಂಚಿನಿಂದ ಕೆಳಗಿಳಿದು ಹೆಂಡತಿಯ ಕಾಲ ಬಳಿ ಕೂತಿದ್ದರು. ಅವಳ ಪಾದವನ್ನು ಎರಡು ಅಂಗೈ ನಡುವೆ ಹಿಡಿದು ಉಜ್ಜುತ್ತಿದ್ದರು. ಬೆಚ್ಚಗೆ ಮಾಡುತ್ತಿದ್ದರು. ಬಾಯಿ ಅಲ್ಲಾಡುತ್ತಿತ್ತು, ಏನೋ ಹೇಳುತ್ತಿದ್ದರು ಅವಳಿಗೆ. ಆಮೇಲೆ ಹೊದಿಕೆ ಸರಿಮಾಡಿ ಇನ್ನೊಂದು ಪಾದ ಹಿಡಿದುಕೊಂಡರು.

ಇವರು ಬ್ರೇಕಿನ ಮೇಲೆ ಕಾಲಿಟ್ಟವರು ತೆಗೆಯಲಿಲ್ಲ. ಯಾರೋ ಹಾರ್ನ್ ಹೊಡೆದರು. ಇವರಿಗೆ ಅದರ ಪರಿವೆಯೇ ಇಲ್ಲ.

“ಇಷ್ಟು ವರ್ಷ ಹಿಂದೆ ಇದೆಲ್ಲಾ ನಡೀತಿತ್ತಾ?” ಅಂದರು.

ನನಗೆ ಎಲ್ಲಿತ್ತೋ ಸಿಟ್ಟು. “ಮತ್ತೇನು ನಡೆಯುತ್ತೆ ಅಂದ್ಕೊಂಡಿದ್ರಿ?”

ಇವರು ಎಂಜಿನ್ ಆರಿಸಿ ಇಳಿದು ಹೋಗಿ ಹಿಂಬಾಗಿಲು ತೆರೆದರು. ಇಳಿಯಿರಿ ಎನ್ನಲಿಲ್ಲ. ಗಡಿಯಾರದವರು ತಾವಾಗಿಯೇ ಪಾದ ಬಿಡುವ ತನಕ ಬಿಸಿಲಲ್ಲಿ ನಿಂತರು. ಒಳಗಿದ್ದವರು ಬಂದು ಯಾಕೆ ತಡ ಎಂದರೆ ಕೈ ಎತ್ತಿ ತಡೆದರು. ಗೇಟಿನಿಂದ ಒಳಗೆ ಎಲ್ಲರೂ ಹೊತ್ತುಕೊಂಡೇ ಹೋದರು. ಇವರೂ ಹೆಗಲು ಕೊಟ್ಟರು.

ವಾಪಸ್ ಬರುವಾಗ ಗಾಡಿ ನಮ್ಮ ಬೀದಿ ದಾಟಿ ಮುಂದಕ್ಕೆ ಹೋಯಿತು. ಮಗಳ ಬೀದಿಗೆ ತಿರುಗಿದಾಗ ನಾನು ಇವರ ತೋಳು ಹಿಡಿದುಕೊಂಡೆ.

“ಬಸುರಿ ಮನೆ ಮುಂದೆ ಈ ಗಾಡಿ ನಿಲ್ಲಿಸ್ತೀರಾ? ತಲೆಗಿಲೆ ಕೆಟ್ಟಿದ್ಯಾ ನಿಮಗೆ?”

ತಿರುವಿನಲ್ಲೇ ನಿಲ್ಲಿಸಿ ನಡೆದರು. ಬೆನ್ನ ಹಿಂದೆ ನಾನು ಓಡಿದೆ. ಮಗಳು ಬಾಗಿಲು ತೆರೆದು, ಅಪ್ಪನನ್ನು ನೋಡಿ, ಹೊಸ್ತಿಲಿಗೆ ಅಡ್ಡ ನಿಂತಳು. 

“ಅವತ್ತು ಹಿಂದೆ ಕೂತು ನೀನು ಏನು ಮಾಡ್ತಿದ್ದೆ?” ಎಂದು ಕೇಳಿದರು ಇವರು.

ಅಯ್ಯೋ, ಈ ಸ್ಥಿತಿಯಲ್ಲಿ ಇದ್ದವಳನ್ನು ಕೇಳುವ ಮಾತೇ ಇದು! ಇವರ ಕೈ ಹಿಡಿದು ಎಳೆದೆ. ಬಿಡಿಸಿಕೊಂಡರು.

“ಈಗ್ಯಾಕೆ?” ಅಂದಳು ಮಗಳು.

“ನಾನು ನೋಡ್ಲಿಲ್ಲ. ಹೇಳು.”

 ಅವಳ ದನಿಯಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

“ತಗಡು ಬಡೀತಿದ್ದೆ. ನೀನು ಮಗೂನ ಒಂದು ಸಲಾನೂ ನೋಡಿರಲಿಲ್ಲ. ಒಂದು ನಿಮಿಷ ನಿಲ್ಲಿಸಿದ್ರೆ ತೋರಿಸೋಣ ಅಂತ ಬಡೀತಾನೇ ಇದ್ದೆ. ಎಂಜಿನ್ ಸದ್ದಿಗೆ ನಿನಗೆ ಕೇಳಿಸ್ಲಿಲ್ಲ.”

“ಕೇಳಿಸ್ತು,” ಅಂದರು ಇವರು.

 ಮಗಳು ಅಪ್ಪನನ್ನೇ ನೋಡುತ್ತಿದ್ದಳು.

“ಕೇಳಿಸ್ತು ಮಗಳೇ. ನಿಲ್ಲಿಸಿ ನೋಡಿದ್ದಿದ್ರೆ ಮತ್ತೆ ಗಾಡಿ ತೆಗೆಯೋಕೆ ನನ್ನ ಕೈಲಿ ಆಗ್ತಿರಲಿಲ್ಲ.” ಆಮೇಲೆ ಕೇಳಿದರು, “ಯಾರ ಹಾಗಿತ್ತು?”

“ಮೂಗು ನಿನ್ನದೇ ಇತ್ತು,” ಅಂದಳು ಮಗಳು.

ಇವರು ಮೆಟ್ಟಿಲ ಮೇಲೆ ಕುಸಿದು ಕೂತರು. ಬಾಯಿಂದ ಏನೋ ಒಂದು ಸದ್ದು ಬಂತು, ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಕೇಳಿರದ ಸದ್ದು. ಎದುರುಮನೆಯವರು ಹೊರಗೆ ಬಂದು ನೋಡಿದರು. ಮಗಳು ಬಾಗಿಲ ಚೌಕಟ್ಟು ಹಿಡಿದುಕೊಂಡು, ಹೊಟ್ಟೆಯ ಭಾರಕ್ಕೆ ನಿಧಾನವಾಗಿ, ಅಪ್ಪನ ಪಕ್ಕಕ್ಕೆ ಮೆಟ್ಟಿಲ ಮೇಲೆ ಕೂತಳು. “ಅಮ್ಮಾ, ಒಂದು ಲೋಟ ನೀರು ತಾ,” ಅಂದಳು. ನಾನು ಒಳಗೆ ಹೋದೆ.