ಎರಡು ಕೇಬಲ್ಲು, ಒಂದು ಕಟ್ಟು

ಹನ್ನೆರಡು ವೋಲ್ಟಿಗೆ ನಮ್ಮೂರಲ್ಲಿ ಯಾರೂ ಹೆದರುವುದಿಲ್ಲ. ಒದ್ದೆ ಕೈಯಲ್ಲಿ ಮುಟ್ಟಿದರೂ ಚುರ್ ಎನ್ನುವುದಿಲ್ಲವಲ್ಲ! ಆದರೆ ದೋಣಿಯ ಇಂಜಿನ್ ಎಬ್ಬಿಸುವ ಸ್ಟಾರ್ಟರು ಅದೇ ಬ್ಯಾಟರಿಯಿಂದ ನೂರಾರು ಆಂಪಿಯರ್ ಎಳೆಯುತ್ತದೆ. ಅದನ್ನು ಅಳೆದು ದೋಷ ಹುಡುಕುವುದೇ ಭಟ್ಕಳದ ಕಡೆ ನನ್ನ ಹೊಟ್ಟೆಪಾಡು. ಇಕ್ಕಳದಂತೆ ಬಾಯಿ ತೆರೆಯುವ ಕ್ಲಾಂಪ್ ಮೀಟರನ್ನು ಕೇಬಲ್ಲಿನ ಸುತ್ತ ಹಾಕಿದರೆ ಅಂಕಿ ಬರುತ್ತದೆ.

ಹೋದ ವರ್ಷ ಮಳೆಗಾಲದ ರಜೆ ಮುಗಿದು ದೋಣಿಗಳು ಕಡಲಿಗಿಳಿಯುವ ಹಿಂದಿನ ದಿನ, ತೆಂಗಿನಗುಂಡಿ ಬಂದರಿನಲ್ಲಿ ಅಕ್ಕನ ಗಂಡನ ದೋಣಿ ಸ್ಟಾರ್ಟ್ ಆಗಲಿಲ್ಲ. ನಮ್ಮವರು ದೋಣಿಯೊಳಗೆ ಯಾವುದನ್ನೂ ಜೋತಾಡಲು ಬಿಡುವುದಿಲ್ಲ. ಬಲೆ ಹೆಣೆಯುವ ದಾರದಲ್ಲಿ ಬಿಗಿದುಬಿಡುತ್ತಾರೆ. ಭಾವ ಬ್ಯಾಟರಿಯ ಎರಡೂ ಕೇಬಲ್ಲುಗಳನ್ನು ಸೇರಿಸಿ ಕಟ್ಟಿದ್ದರು. ಬಿಚ್ಚಲು ನನಗೆ ಉದಾಸೀನ. ಕಟ್ಟಿನ ಮೇಲೇ ಕ್ಲಾಂಪು ಹಾಕಿದೆ. ಭಾವ ಒಂದು ಸಲ ಸ್ವಿಚ್ ಒತ್ತಿ ಬಿಟ್ಟರು. ಮೀಟರು ಸೊನ್ನೆ ತೋರಿಸಿತು.

"ಕರೆಂಟೇ ಹೋಗ್ತಿಲ್ಲ ಭಾವ," ಎಂದೆ. ತುದಿಗಳನ್ನು ಉಜ್ಜಿ ನಟ್ಟು ಬಿಗಿದೆ. "ಈಗ ಧೈರ್ಯದಲ್ಲಿ ಒತ್ತಿ ಹಿಡೀರಿ."

ಹಿಡಿದರು. ಸ್ಟಾರ್ಟರು ಒಳಗೆ ಸಿಕ್ಕಿಕೊಂಡಿತ್ತು. ತಿರುಗಲಾರದೆ ಕರೆಂಟು ಎಳೆಯುತ್ತಲೇ ಹೋಯಿತು. ಒಳಗಿನ ಸಂಪರ್ಕ ಕಾದು ಅಂಟಿಕೊಂಡು, ಸ್ವಿಚ್ ಬಿಟ್ಟರೂ ನಿಲ್ಲಲಿಲ್ಲ. ಕೇಬಲ್ಲಿನ ಹೊದಿಕೆ ಕರಗಿ ಹೊಗೆ ಎದ್ದಿತು. ಪಕ್ಕದಲ್ಲೇ ಡೀಸೆಲ್ ಕ್ಯಾನು. ಭಾವ ಬರಿಗೈಯಲ್ಲಿ ಕೇಬಲ್ಲು ಹಿಡಿದು ಕಿತ್ತರು.

ದೋಣಿ ಉಳಿಯಿತು. ಅವರ ಬಲ ಅಂಗೈಗೆ ಈಗ ಬಿಸಿ, ತಂಪು ಯಾವುದೂ ತಿಳಿಯುವುದಿಲ್ಲ. ಬಲೆಯ ಹಗ್ಗ ಜಾರಿದರೂ ಕಣ್ಣಿನಿಂದ ನೋಡಿಯೇ ಗೊತ್ತಾಗಬೇಕು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗಲೇ ನನಗೆ ಹೊಳೆದಿತ್ತು. ಒಂದು ಕೇಬಲ್ಲಿನಲ್ಲಿ ಹೋದ ಕರೆಂಟು ಇನ್ನೊಂದರಲ್ಲಿ ವಾಪಸು ಬರುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದರೆ ಎಷ್ಟೇ ಹರಿಯಲಿ, ಮೀಟರಿಗೆ ಸೊನ್ನೆಯೇ. ಕೆಲಸ ಕಲಿತ ಮೊದಲ ವಾರದ ಪಾಠ, ಥೂ! ಆದರೆ ಅಕ್ಕ ಓಡಿ ಬಂದು "ಎಂತ ಆತಾ?" ಎಂದಾಗ, "ಮೀಟರ್ ಕೆಟ್ಟಿತ್ತು" ಎಂದುಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ಅಳು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ವರ್ಷವಿಡೀ ಹಾಗೇ ಇದ್ದೆ. ಉಂಡೆ, ಕೆಲಸ ಮಾಡಿದೆ, ಮಲಗಿದೆ.

ಮೊನ್ನೆ ಶಿರಾಲಿಯ ಚಾ ಅಂಗಡಿಯಲ್ಲಿ ಭಾವ ಕುದಿಯುವ ಚಾದ ಗ್ಲಾಸನ್ನು ಬಲಗೈಯಲ್ಲಿ ಹಿಡಿದು ಏನೋ ಮಾತಾಡುತ್ತಿದ್ದರು. ಅಂಗೈ ಕೆಂಪಾಗುತ್ತಿತ್ತು, ಅವರಿಗೆ ಗೊತ್ತೇ ಇಲ್ಲ. ಗ್ಲಾಸು ತೆಗೆದು ಅವರ ಎಡಗೈಗೆ ಕೊಟ್ಟೆ. ಆಮೇಲೆ ಎಲ್ಲ ಹೇಳಿದೆ, ದಾರ, ಉದಾಸೀನ, ಸುಳ್ಳು.

ಭಾವ ಒಂದು ಗುಟುಕು ಕುಡಿದರು.

"ಗೊತ್ತಿತ್ತು ಮಾರಾಯ. ಕೆಟ್ಟಿತ್ತು ಅಂದ ಮೀಟರೇ ಇನ್ನೂ ನಿನ್ನ ಚೀಲದಲ್ಲಿದೆ. ಈಗ ನೀನು ಎಲ್ಲರ ದೋಣಿಲೂ ದಾರ ಕೊಯ್ದು, ಒಂದೇ ಕೇಬಲ್ಲಿಗೆ ಹಾಕ್ತೆ. ನಂಗೆ ಕಣ್ಣಿಲ್ವಾ?"

"ಮತ್ತೆ ಯಾಕೆ ಕೇಳ್ಲಿಲ್ಲ ಭಾವ?"

"ನೀನೇ ಹೇಳ್ತೆ ಅಂತ ಕಾದೆ."