ಅತ್ತೆಯ ಹೆಬ್ಬೆರಳು

ನಮ್ಮ ಅತ್ತೆಯ ಹೆಬ್ಬೆರಳನ್ನು ಇನ್ನೊಬ್ಬಳು ಹಿಡಿದದ್ದು ನೋಡಿ ನನ್ನ ಹೊಟ್ಟೆಗೆ ಬೆಂಕಿ ಬಿದ್ದಿತ್ತು ಎಂದರೆ ನೀವು ನಗುತ್ತೀರಿ. ನಗ್ರಿ. ಬೆರಳಿಗೂ ಹೊಟ್ಟೆಕಿಚ್ಚು ಪಡುತ್ತಾರೇನು ಎಂದು ನನ್ನ ಗಂಡನೂ ನಕ್ಕಿದ್ದ. ಅವನಿಗೇನು ಗೊತ್ತು.

ನಾನು ಮೂಡಲಗಿಯಿಂದ ಮಮದಾಪುರಕ್ಕೆ ಸೊಸೆಯಾಗಿ ಬಂದವಳು. ಕುರಿ ಸಾಕುವ ಮನೆ. ಅತ್ತೆಗೆ ಓದು ಬರಹ ಇಲ್ಲ, ನಾನು ಹತ್ತನೇ ಇಯತ್ತೆ ಪಾಸು. ಮಾವ ತೀರಿಕೊಂಡ ಮೇಲೆ ಅತ್ತೆಗೆ ಸರ್ಕಾರದ ಪೆನ್ಶನ್ ಶುರುವಾಯಿತು. ಆಕೆ ಅದನ್ನು ಪಗಾರ ಎನ್ನುತ್ತಿದ್ದಳು. ಪಗಾರದ ದಿನ ಗೋಕಾಕದ ಬ್ಯಾಂಕಿಗೆ ನಾವಿಬ್ಬರೇ ಹೋಗುವುದು. ಸರದಿಯಲ್ಲಿ ನಿಲ್ಲುವುದು, ಸ್ಲಿಪ್ ತುಂಬುವುದು, ಆಕೆಯ ಹೆಬ್ಬೆರಳನ್ನು ಮಸಿ ಪ್ಯಾಡಿಗೆ ಅದ್ದಿ ಸ್ಲಿಪ್ಪಿನ ಮೇಲೆ ಒತ್ತುವುದು, ಎಲ್ಲ ನನ್ನ ಕೆಲಸ. ಆಮೇಲೆ ಬಿಸಿಬಿಸಿ ಮಿರ್ಚಿ ಭಜಿ, ಚಹಾ. ಮೂಡಲಗಿ ಬಸ್ಸಿನಿಂದ ಯಾರಾದರೂ ಪರಿಚಯದವರು ಇಳಿದರೆ ತವರಿನ ಸುದ್ದಿ. ಮನೆಯಲ್ಲಿ ಉಪ್ಪು ಹೆಚ್ಚು, ಖಾರ ಕಡಿಮೆ ಎಂದು ಗೊಣಗುವ ಅತ್ತೆ ಗೋಕಾಕದಲ್ಲಿ ನನ್ನ ಕೈ ಬಿಡುತ್ತಿರಲಿಲ್ಲ. ಆ ಒಂದು ದಿನಕ್ಕೆ ನಾನು ತಿಂಗಳೆಲ್ಲ ಕಾಯುತ್ತಿದ್ದೆ.

ಅಷ್ಟರಲ್ಲಿ ಬಂದಳು ಬ್ಯಾಂಕಿನವಳು. ಹೆಸರಿಗೆ ಬ್ಯಾಂಕಿನವಳು, ಅಸಲಿಗೆ ನಮ್ಮ ಓಣಿಯದೇ ಸೊಸೆ. ತವರು ಹುಕ್ಕೇರಿ ತಾಲೂಕಿನ ಹತ್ತರಗಿ. ಮನೆಮನೆಗೆ ಹೋಗಿ ರೊಕ್ಕ ಕೊಡಲು ಮಹಿಳಾ ಸಂಘದಿಂದ ಅವಳನ್ನು ಆರಿಸಿ ಕಲಿಸಿದ್ದರು. ಮೊಬೈಲಿಗೆ ಜೋಡಿಸಿದ ಪುಟ್ಟ ಯಂತ್ರ; ಅದರ ಮೇಲೆ ಬೆರಳು ಇಟ್ಟರೆ ಕಟ್ಟೆಯ ಮೇಲೇ ಪಗಾರ.

"ಆಯಿ, ಇನ್ನ ಬಸ್ಸಿನ್ಯಾಗ ನೂಕ್ಯಾಡಿ ಹೋಗೂದ ಬ್ಯಾಡ್ರಿ. ನಾನ ಬರತೇನಿ," ಎಂದಳು.

ಉಣ್ಣೆ ನೂತು ನೂತು ಸವೆದ ಬೆರಳು. ಯಂತ್ರ ಹಿಡಿಯಲಿಲ್ಲ. ನನಗೆ ಒಳಗೊಳಗೇ ಖುಷಿ. ಆದರೆ ಅವಳು ಬಿಟ್ಟರೆ ತಾನೆ! ಅತ್ತೆಯ ಬೆರಳು ತೊಳೆಸಿದಳು, ತನ್ನ ಸೆರಗಿನಿಂದ ಒರೆಸಿದಳು, ಊದಿದಳು, ಮತ್ತೆ ಒತ್ತಿದಳು. ಹಿಡಿಯಿತು. ಅತ್ತೆ ಅವಳ ಗಲ್ಲ ಸವರಿ ನೆಟಿಗೆ ಮುರಿದು ದೃಷ್ಟಿ ತೆಗೆದಳು. ನನ್ನ ಮದುವೆಯ ದಿನ ಬಿಟ್ಟರೆ ನನಗೆ ಆಕೆ ಹಾಗೆ ದೃಷ್ಟಿ ತೆಗೆದದ್ದು ನೆನಪಿಲ್ಲ. ಮೈಯೆಲ್ಲ ಉರಿದುಹೋಯಿತು.

ಪಗಾರ ತಿಂಗಳಿಗೊಮ್ಮೆ. ಆದರೆ ಅವಳು ಮಧ್ಯೆ ಮಧ್ಯೆಯೂ ಬರತೊಡಗಿದಳು. ಹಿತ್ತಲಲ್ಲಿ ಇಬ್ಬರೂ ತಲೆಗೆ ತಲೆ ಹಚ್ಚಿ ಕುಳಿತರೆ ಹೊತ್ತು ಹೋದದ್ದೇ ಗೊತ್ತಿಲ್ಲ. ನಾನು ಚಹಾ ತಂದರೆ ಇಬ್ಬರೂ ಗಪ್‌ಚುಪ್. ನನ್ನ ಚಾಡಿಯೇ ನಡೆದಿದೆ ಎಂದು ನನಗೆ ಖಾತ್ರಿ. ಅವಳ ಚಹಾಕ್ಕೆ ಸಕ್ಕರೆ ಕಡಿಮೆ ಹಾಕತೊಡಗಿದೆ. ಅದನ್ನೂ ಆ ಮಾರಾಯ್ತಿ, "ಭಾಳ ಚಲೋ ಆಗೇತ್ರಿ ವೈನಿ," ಎಂದು ಕುಡಿದಳು.

ಪಂಚಮಿ ಹತ್ತಿರ ಬಂದಾಗ ಅವಳು ಓಣಿಗೆಲ್ಲ ಹೇಳಿ ಹೋದಳು: "ಪಗಾರ ಬರೂತನಕ ಬೆರಳ ತುದಿಗೆ ಮದರಂಗಿ ಹಚ್ಕೋಬ್ಯಾಡ್ರಿ. ಯಂತ್ರ ಹಿಡಿಯೂದಿಲ್ಲ."

ಅಂದೇ ಸಂಜೆ ಅತ್ತೆ ಕೈ ಚಾಚಿದಳು. "ಹಚ್ಚ ಮದರಂಗಿ. ಹತ್ತೂ ಬೆರಳಿಗೆ."

"ಆಕಿ ಬ್ಯಾಡ ಅಂದಾಳಲ್ರಿ ಅತ್ತಿ?"

"ಆಕಿ ಅಂದ್ರ ಅನ್ಲಿ ಬಿಡ. ನೀ ಹಚ್ಚ."

ನನಗೆ ಬೇಕಾದದ್ದೂ ಅದೇ. ಸೊಪ್ಪು ಅರೆದು, ಒಂದೊಂದು ಬೆರಳಿಗೂ ದಪ್ಪನೆ ಟೊಪ್ಪಿಗೆ ಹಾಕಿದ ಹಾಗೆ ಮೆತ್ತಿದೆ. ಎಷ್ಟು ಕೆಂಪಗೆ ಹತ್ತಿತೆಂದರೆ, ಪಗಾರದ ದಿನ ಬ್ಯಾಂಕಿನವಳು ಹೆಬ್ಬೆರಳು ಒತ್ತಿ, ಕಿರುಬೆರಳು ಒತ್ತಿ, ಎಲ್ಲ ಒತ್ತಿ ಸೋತಳು. "ಗೋಕಾಕಕ್ಕ ಹೋಗೂದ ಆತ್ರಿ ಆಯಿ," ಎಂದಳು. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ, ಮುಸಿಮುಸಿ ನಗುತ್ತಿದ್ದಳು.

ನಗಲಿ ಬಿಡು! ಇಳಕಲ್ ಸೀರೆ ಉಟ್ಟು ಹೊರಟೆ. ಅತ್ತೆಗೆ ನನ್ನ ಜೊತೆಯೇ ಬೇಕಾಗಿತ್ತು, ಅದಕ್ಕೇ ಈ ಮದರಂಗಿ ಆಟ ಎಂದುಕೊಂಡು ಬಸ್ಸಿನಲ್ಲಿ ಬೀಗುತ್ತ ಕುಳಿತೆ. ಬ್ಯಾಂಕಿನಲ್ಲಿ ಹಳೆಯ ಗುಮಾಸ್ತ ಆಕೆಯನ್ನು ಕಂಡವನೇ ಮಸಿ ಪ್ಯಾಡ್ ಮುಂದೆ ತಳ್ಳಿದ. ನಾನು ಅಭ್ಯಾಸದಂತೆ ಹೆಬ್ಬೆರಳಿಗೆ ಕೈ ಹಾಕಿದೆ. ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಪೆನ್ ಕೊಡ್ರಿ," ಎಂದಳು.

ಕೊಟ್ಟ. ಅತ್ತೆ ಸ್ಲಿಪ್ಪಿನ ಮೇಲೆ ಬಗ್ಗಿ, ನಾಲಿಗೆ ಕಚ್ಚಿಕೊಂಡು, ಕೆಂಪು ಬೆರಳುಗಳಿಂದ ತನ್ನ ಹೆಸರು ಬರೆದಳು. ಕೊನೆಯ ಅಕ್ಷರ ಗೆರೆ ಬಿಟ್ಟು ಕೆಳಗೆ ಇಳಿದಿತ್ತು.

"ಸಹಿ ಬದಲು ಮಾಡಾಕ ಅರ್ಜಿ ಕೊಡಬೇಕ್ರಿ. ಇವತ್ತ ಹೆಬ್ಬಟ್ಟ ಒತ್ತಿ ರೊಕ್ಕ ಒಯ್ರಿ," ಎಂದ ಗುಮಾಸ್ತ.

"ಅರ್ಜಿ ಕೊಡ್ರಿ. ರೊಕ್ಕ ತಡಾ ಆದ್ರೂ ನಡೀತೈತಿ. ಮನ್ಯಾಗಿನ ಯಂತ್ರಕ್ಕ ಬರೇ ಬೆರಳ ಬೇಕ್ರಿ. ಅದಕ್ಕ ಹೆಸರ ಬರದ ತೋರಸಾಕ ಆಗೂದಿಲ್ಲ. ಅದಕ್ಕ ಇಲ್ಲೀತನಕ ಬಂದೇನಿ," ಎಂದಳು ಅತ್ತೆ.

ಹಿತ್ತಲಲ್ಲಿ ನಡೆದಿದ್ದು ನನ್ನ ಚಾಡಿಯಲ್ಲ, ಅಕ್ಷರ. ಅರ್ಜಿಯನ್ನು ನಾನೇ ತುಂಬಿದೆ. ಅಳು ಬಂದದ್ದು ಸಂತೋಷಕ್ಕಲ್ಲ, ಸುಳ್ಳು ಯಾಕೆ ಹೇಳಲಿ. ಅದನ್ನು ಅವಳು ಕಲಿಸಿದಳಲ್ಲ ಎಂದು. ಅಂದು ಅತ್ತೆ ಕೊಡಿಸಿದ ಮಿರ್ಚಿ ಭಜಿಯನ್ನು ಹಾಗೇ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ.

ಬಸ್ಸಿನಲ್ಲಿ ತಡೆಯಲಾಗದೆ ಕೇಳಿಯೇಬಿಟ್ಟೆ. "ಮನ್ಯಾಗ ಸಾಲಿ ಕಲತಾಕಿ ನಾ ಇದ್ದೆ. ಆಕೀ ಕಡೆ ಕಲತ್ರಿ. ನನಗೊಂದ ಮಾತ ಕೇಳಬಾರದಿತ್ತೇನ್ರಿ?"

ಅತ್ತೆ ನನ್ನ ಮೊಣಕಾಲ ಮೇಲೆ ಕೈ ಇಟ್ಟಳು.

"ಪ್ರತಿ ಸಲ ಬ್ಯಾಂಕಿನ್ಯಾಗ ಕೇಳಬೇಕಂತಿದ್ನೆವ್ವಾ," ಎಂದಳು. "ಅಷ್ಟರಾಗ ನೀ ಬೆರಳ ಹಿಡದ ಮಸಿಯಾಗ ಅದ್ದಿಬಿಡತಿದ್ದಿ."